ಅಕ್ಕಿ ತಿಂದವರು ಸುಮ್ಮನಿದ್ದಾರಾ?

ಉಚಿತ ಅಕ್ಕಿಯ ಮಾತು ಬಂದಾಗಲೆಲ್ಲ ಒಂದು ವಾದ ತಪ್ಪದೆ ಕೇಳಿಬರುತ್ತದೆ. ಟೀ ಅಂಗಡಿಯಲ್ಲೂ ಬರುತ್ತದೆ, ಟಿವಿ ಚರ್ಚೆಯಲ್ಲೂ ಬರುತ್ತದೆ. ಹೊಟ್ಟೆಗೆ ಅಕ್ಕಿ, ಕಣ್ಣಿಗೆ ಕ್ರಿಕೆಟ್ ಕೊಟ್ಟುಬಿಟ್ಟರೆ ನಮ್ಮ ಜನ ಇನ್ನೇನನ್ನೂ ಕೇಳಲ್ಲ ಅನ್ನೋದು ಅದರ ಸಾರ. ಸ್ವಲ್ಪ ಇತಿಹಾಸ ಓದಿಕೊಂಡವರಾದರೆ ರೋಮ್‌ನ ಸಾಕ್ಷಿಯನ್ನೂ ತರುತ್ತಾರೆ. ಅಲ್ಲಿನ ಚಕ್ರವರ್ತಿಗಳು ರೊಟ್ಟಿ ಹಂಚಿ, ರಥದ ಓಟ ತೋರಿಸಿ ಜನರ ಬಾಯಿ ಮುಚ್ಚಿಸಿದ್ದರು, ನಮ್ಮಲ್ಲೂ ಈಗ ಅದೇ ನಡೀತಿದೆ ಅಂತ.

ಈ ವಾದದ ಅರ್ಧವನ್ನು ನಾನು ಒಪ್ಪುತ್ತೇನೆ. ಜನ ತೆಪ್ಪಗಿರಲಿ ಅಂತ ಆಳುವವರು ಬಯಸುತ್ತಾರೆ. ಅದಕ್ಕೆ ಅನ್ನ, ಆಟ ಎರಡನ್ನೂ ಬಳಸುತ್ತಾರೆ. ಆದರೆ ಅನ್ನ ಸಿಕ್ಕ ಜನ ನಿಜಕ್ಕೂ ತೆಪ್ಪಗಾಗುತ್ತಾರೆ ಅನ್ನೋದಿದೆಯಲ್ಲ, ಅದಕ್ಕೆ ರೋಮ್‌ನಲ್ಲೂ ಸರಿಯಾದ ಸಾಕ್ಷಿ ಇಲ್ಲ, ಕರ್ನಾಟಕದಲ್ಲೂ ಇಲ್ಲ.

ರೋಮ್‌ನಿಂದಲೇ ಶುರು ಮಾಡೋಣ. ಎಲ್ಲರೂ ಉದ್ಧರಿಸುವ ಆ ಮಾತನ್ನು ಬರೆದವನು ಜುವೆನಲ್. ಕ್ರಿ.ಶ. 100ರ ಆಚೀಚೆ ಬರೆಯುತ್ತಿದ್ದ ವಿಡಂಬನೆಯ ಕವಿ. ಹಿಂದೆ ಸೈನ್ಯ, ಅಧಿಕಾರ ಎಲ್ಲವನ್ನೂ ಹಂಚುತ್ತಿದ್ದ ಜನ ಈಗ ರೊಟ್ಟಿ ಮತ್ತು ಆಟ ಎರಡಕ್ಕೇ ಹಾತೊರೆಯುತ್ತಾರೆ ಅಂತ ಅವನು ಹಂಗಿಸುತ್ತಾನೆ. ಅದೇ ಸಾಲುಗಳಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಉದ್ಧರಿಸುವುದಿಲ್ಲ. ನಾವು ಯಾರಿಗೂ ವೋಟು ಮಾರದೆ ಇರುವ ಕಾಲ ಬಂದಾಗಿನಿಂದ ಜನ ಹೀಗಾದರು ಅನ್ನುತ್ತಾನೆ ಅವನು. ವೋಟು ಮಾರುತ್ತಿರಲಿಲ್ಲ ಏಕೆ? ಮಾರಲು ವೋಟೇ ಇರಲಿಲ್ಲ. ಕ್ರಿ.ಶ. 14ರಲ್ಲಿ ತಿಬೇರಿಯಸ್ ಚಕ್ರವರ್ತಿಯಾದ ಕೂಡಲೇ ಅಧಿಕಾರಿಗಳನ್ನು ಆರಿಸುವ ಕೆಲಸ ಜನರ ಸಭೆಯಿಂದ ಸೆನೆಟ್‌ಗೆ ಹೋಯಿತು. ಜುವೆನಲ್ ಹುಟ್ಟುವ ಮೊದಲೇ ಆಗಿಹೋದ ಕೆಲಸ ಅದು.

ಈಗ ಧಾನ್ಯದ ಇತಿಹಾಸ ನೋಡಿ. ಕ್ರಿ.ಪೂ. 123ರಲ್ಲಿ ಜನ ಆರಿಸಿದ ನಾಯಕ ಗಾಯಸ್ ಗ್ರಾಕಸ್ ಕಡಿಮೆ ಬೆಲೆಗೆ ಗೋಧಿ ಕೊಡುವ ಕಾನೂನು ತಂದ. ಕ್ರಿ.ಪೂ. 58ರಲ್ಲಿ ಅಂಥದೇ ಇನ್ನೊಬ್ಬ ನಾಯಕ ಕ್ಲೋಡಿಯಸ್ ಅದನ್ನು ಪೂರ್ತಿ ಉಚಿತ ಮಾಡಿದ. ಆಗ ರೋಮ್‌ನಲ್ಲಿ ಇನ್ನೂ ಗಣರಾಜ್ಯ ಇತ್ತು, ಜನರಿಗೆ ವೋಟು ಇತ್ತು. ವೋಟು ಇದ್ದದ್ದರಿಂದಲೇ ಗೋಧಿ ಬಂತು. ಆಮೇಲೆ ಬಂದ ಜೂಲಿಯಸ್ ಸೀಸರ್ ಪಟ್ಟಿಯಲ್ಲಿದ್ದ 3 ಲಕ್ಷ 20 ಸಾವಿರ ಹೆಸರುಗಳನ್ನು 1 ಲಕ್ಷ 50 ಸಾವಿರಕ್ಕೆ ಇಳಿಸಿದ. ಅಂದರೆ ಗಣರಾಜ್ಯವನ್ನು ಮುಗಿಸಿದವನು ರೊಟ್ಟಿ ಹಂಚಿ ಮುಗಿಸಲಿಲ್ಲ, ಪಟ್ಟಿಯನ್ನು ಅರ್ಧಕ್ಕಿಂತ ಕಡಿಮೆ ಮಾಡಿದ! ಚಕ್ರವರ್ತಿಗಳ ಕಾಲದಲ್ಲಿ ಜನರ ಕೈಯಿಂದ ವೋಟು ಹೋಯಿತು, ಗೋಧಿ ಮಾತ್ರ ಉಳಿಯಿತು. ಗೋಧಿ ತಿಂದು ಜನ ವೋಟು ಬಿಟ್ಟುಕೊಟ್ಟರು ಅನ್ನೋದು ಕಥೆಯನ್ನು ತಲೆಕೆಳಗು ಮಾಡಿದ ಹಾಗೆ.

ಹಾಗೆ ಉಳಿದ ಗೋಧಿಯಾದರೂ ಜನರನ್ನು ಸುಮ್ಮನಾಗಿಸಿತಾ? ಕ್ರಿ.ಶ. 51ರಲ್ಲಿ ಧಾನ್ಯದ ಕೊರತೆಯಾಯಿತು. ಜನ ಚಕ್ರವರ್ತಿ ಕ್ಲಾಡಿಯಸ್‌ನನ್ನು ಊರ ನಡುವಿನ ಚೌಕದಲ್ಲೇ ಮುತ್ತಿಕೊಂಡು ಒಣ ರೊಟ್ಟಿಯ ಚೂರು ಎಸೆದರು. ಅವನು ಹಿಂಬಾಗಿಲಿನಿಂದ ಅರಮನೆ ಸೇರಿ ತಪ್ಪಿಸಿಕೊಂಡ. ಆ ಮೇಲೆ ಚಳಿಗಾಲದಲ್ಲೂ ಹಡಗು ಕಳಿಸುವ ವ್ಯಾಪಾರಿಗಳಿಗೆ, ಬಿರುಗಾಳಿಯಲ್ಲಿ ನಷ್ಟವಾದರೆ ತಾನೇ ತುಂಬಿಕೊಡುವುದಾಗಿ ಮಾತು ಕೊಟ್ಟ. 190ರಲ್ಲಿ ನಡೆದದ್ದು ಇನ್ನೂ ಜೋರು. ಮತ್ತೆ ಧಾನ್ಯದ ಕೊರತೆ. ರಥದ ಓಟ ನೋಡಲು ಸೇರಿದ್ದ ಜನರೇ ಅದಕ್ಕೆ ಕಾರಣ ಕ್ಲಿಯಾಂಡರ್ ಅಂತ ಕೂಗೆಬ್ಬಿಸಿದರು. ಕ್ಲಿಯಾಂಡರ್ ಅಂದರೆ ಚಕ್ರವರ್ತಿ ಕೊಮೋಡಸ್‌ನ ಬಲಗೈ ಬಂಟ. ಗಲಾಟೆ ಎಷ್ಟು ಬೆಳೆಯಿತೆಂದರೆ ಕೊಮೋಡಸ್ ಅವನ ತಲೆ ತೆಗೆಸಿ ಜನರಿಗೆ ಒಪ್ಪಿಸಿದ. ಜನರನ್ನು ಮೈಮರೆಸಲು ಕಟ್ಟಿದ್ದ ಜಾಗದಲ್ಲೇ ಜನ ಸೇರಿ ಮಂತ್ರಿಯ ತಲೆ ಕೇಳಿದರು! ಕಾರಣ ಸುಲಭ. ಸಭೆ ಇಲ್ಲದ, ಚುನಾವಣೆ ಇಲ್ಲದ ಊರಿನಲ್ಲಿ ಸಾವಿರಾರು ಜನ ಒಟ್ಟಿಗೆ ಸೇರಿ, ರಾಜನ ಮುಖ ನೋಡಿ ಕೂಗಬಹುದಾದ ಜಾಗ ಅದೊಂದೇ ಇತ್ತು. 532ರಲ್ಲಿ ಪೂರ್ವ ರೋಮ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ರಥದ ಓಟದ ಮೈದಾನದಿಂದಲೇ ಶುರುವಾದ ದಂಗೆ ಚಕ್ರವರ್ತಿ ಜಸ್ಟಿನಿಯನ್‌ನ ಸಿಂಹಾಸನವನ್ನೇ ಅಲ್ಲಾಡಿಸಿತು. ಅದನ್ನು ಹತ್ತಿಕ್ಕುವಾಗ ಸತ್ತವರು 30 ಸಾವಿರ ಅಂತ ಆ ಕಾಲದ ಚರಿತ್ರೆಕಾರ ಬರೆದಿಟ್ಟಿದ್ದಾನೆ.

ಒಮ್ಮೆ ಕೊಡಲು ಶುರು ಮಾಡಿದ ಧಾನ್ಯ ಜನರನ್ನಷ್ಟೇ ಅಲ್ಲ, ಕೊಡುವವನನ್ನೂ ಕಟ್ಟಿಹಾಕುತ್ತದೆ. ಇದು ಈಜಿಪ್ಟ್‌ನ ಅಧ್ಯಕ್ಷ ಅನ್ವರ್ ಸಾದಾತ್‌ಗೆ 1977ರ ಜನವರಿಯಲ್ಲಿ ಅರ್ಥವಾಯಿತು. ಆಹಾರದ ಸಬ್ಸಿಡಿ ಕಡಿತ ಪ್ರಕಟಿಸಿದ್ದೇ ತಡ, ಕೈರೋದಿಂದ ಅಲೆಕ್ಸಾಂಡ್ರಿಯಾವರೆಗೆ ಬೀದಿ ಹೊತ್ತಿ ಉರಿಯಿತು. ಆ ತೀರ್ಮಾನ ವಾಪಸ್ ಪಡೆಯಬೇಕಾಯಿತು.

ಈಗ ನಮ್ಮ ಮನೆಗೆ ಬರೋಣ. 2013ರ ಮೇ 13ರಂದು ಮುಖ್ಯಮಂತ್ರಿಯಾದ ದಿನವೇ ಸಿದ್ದರಾಮಯ್ಯ 1 ರೂಪಾಯಿಗೆ ಕೆಜಿ ಅಕ್ಕಿ ಪ್ರಕಟಿಸಿದರು. ಜುಲೈನಲ್ಲಿ ಅನ್ನಭಾಗ್ಯ ಶುರುವಾಯಿತು. 2015ರಲ್ಲಿ ಆ ಒಂದು ರೂಪಾಯಿಯೂ ಹೋಯಿತು. ಆಗ ಎದ್ದ ಟೀಕೆ ನೆನಪಿದೆಯಾ? ಜನ ದಂಗೆ ಏಳುವುದಿಲ್ಲ ಅಂತ ಯಾರೂ ಕೊರಗಲಿಲ್ಲ. ಜನ ಸೋಮಾರಿಗಳಾದರು, ಕೂಲಿಗೆ ಆಳು ಸಿಗುತ್ತಿಲ್ಲ ಅಂತ ಕೊರಗಿದರು. ಕಾಫಿ ತೋಟದವರು ಹೇಳಿದರು, ಗದ್ದೆ ಇರುವವರು ಹೇಳಿದರು.

ಈ ದೂರನ್ನು ಸುಳ್ಳು ಅಂತ ತಳ್ಳಿಹಾಕಬಾರದು. ನಾಟಿ ಹೊತ್ತಿಗೆ ಆಳು ಸಿಗದಿದ್ದರೆ ಸಣ್ಣ ರೈತನಿಗೂ ಕಷ್ಟವೇ. ಆದರೆ ಅದರೊಳಗೆ ಇರುವುದೇನು ನೋಡಿ. ಹಿಂದೆ ಮಳೆಗಾಲದಲ್ಲಿ ಮನೆಯ ಕಾಳು ಮುಗಿದರೆ ಕೂಲಿಯವರು ಒಡೆಯರ ಮನೆಗೆ ಹೋಗಿ ರಾಗಿಯನ್ನೋ ಭತ್ತವನ್ನೋ ಸಾಲ ತರುತ್ತಿದ್ದರು. ಸುಗ್ಗಿಯಲ್ಲಿ ದುಡಿದು ತೀರಿಸುತ್ತಿದ್ದರು. ಆ ಸಾಲ ಇರುವವರೆಗೆ ಕೂಲಿ ಎಷ್ಟು ಅಂತ ಕೇಳುವ ಬಾಯಿ ಇರಲಿಲ್ಲ. ಕರೆದ ದಿನ ಹೋಗಬೇಕು, ಕೊಟ್ಟಷ್ಟು ತಗೋಬೇಕು. ಜೀತವನ್ನು ಕಾನೂನು 1976ರಲ್ಲಿ ಮುಗಿಸಿತು, ಸರಿ. ಈ ಕಾಳಿನ ಸಾಲವನ್ನು ಮುಗಿಸಿದ್ದರಲ್ಲಿ ಸೊಸೈಟಿ ಅಕ್ಕಿಯ ಪಾಲು ದೊಡ್ಡದು. ತಿಂಗಳಿಗೆ ತಲೆಗೆ 5 ಕೆಜಿ ಅಂದರೆ ದಿನಕ್ಕೆ 170 ಗ್ರಾಂ ಹತ್ತಿರ. ಇಷ್ಟರಲ್ಲಿ ಯಾರೂ ಕಾಲು ಚಾಚಿ ಮಲಗಲಾರರು. ಎಣ್ಣೆ, ಬೇಳೆ, ಗ್ಯಾಸು, ಮಕ್ಕಳ ಫೀಸು, ಔಷಧಿ ಎಲ್ಲಕ್ಕೂ ದುಡಿಯಲೇಬೇಕು. ಆದರೆ ಒಂದು ವಾರ ಕಾಯಲು, 'ಇಷ್ಟು ಕೂಲಿಗೆ ಬರಲ್ಲ' ಅನ್ನಲು ಅಷ್ಟು ಅಕ್ಕಿ ಸಾಕು. ಸುಮ್ಮನಿದ್ದವರು ಮಾತಾಡಲು ಶುರು ಮಾಡಿದರು ಅಂತಲೇ ಕೆಲವರಿಗೆ ಸಿಟ್ಟು ಬಂದದ್ದು. ಜನರ ಬಾಯಿ ಮುಚ್ಚಿಸುವ ಯೋಜನೆಯ ಮೇಲೆ ಇಂಥ ದೂರು ಬರುವುದು ವಿಚಿತ್ರ ಅಲ್ವಾ?

ಸರಿ, ಒಡೆಯರ ಮುಂದೆ ಬಾಯಿ ಬಂತು, ಸರ್ಕಾರದ ಮುಂದೆ? ಅಲ್ಲೂ ಬಂದಿದೆ. 2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡುಗಳು ರದ್ದಾಗಲು, ಎಪಿಎಲ್‌ಗೆ ಬದಲಾಗಲು ಶುರುವಾದಾಗ ಎಂಥ ಕೂಗು ಎದ್ದಿತು! ಸರ್ಕಾರ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಗೃಹಲಕ್ಷ್ಮಿಯ 2,000 ರೂಪಾಯಿ ಕಂತು ತಡವಾದರೆ ಊರಿಗೆ ಬಂದ ಶಾಸಕರನ್ನು ಹೆಂಗಸರು ನಿಲ್ಲಿಸಿ ಕೇಳುತ್ತಾರೆ. ಗಂಡಸರಿಗಿಂತ ಜಾಸ್ತಿ ಅವರೇ ಕೇಳುತ್ತಾರೆ.

ಮತದ ಲೆಕ್ಕ ನೋಡಿದರೂ ಅಷ್ಟೇ. ಅನ್ನಭಾಗ್ಯ ಕೊಟ್ಟ ಕಾಂಗ್ರೆಸ್ 2013ರಲ್ಲಿ ಗೆದ್ದ 122 ಸ್ಥಾನದಿಂದ 2018ರಲ್ಲಿ 80ಕ್ಕೆ ಇಳಿಯಿತು. ಅದರ ಮತ ಪ್ರಮಾಣ ಸ್ವಲ್ಪ ಏರಿತ್ತು ಅನ್ನೋದನ್ನೂ ಹೇಳಬೇಕು, ಆದರೆ ಕುರ್ಚಿ ಹೋಯಿತು. ಆಂಧ್ರದಲ್ಲಿ ಜಗನ್ ಸರ್ಕಾರ ಐದು ವರ್ಷ ಬಟನ್ ಒತ್ತಿ ಒತ್ತಿ ಖಾತೆಗೆ ಹಣ ಹಾಕಿತು. 2019ರಲ್ಲಿ 151 ಸ್ಥಾನ ಗೆದ್ದಿದ್ದ ಪಕ್ಷ 2024ರಲ್ಲಿ 11ಕ್ಕೆ ಬಂತು. ತೆಲಂಗಾಣದಲ್ಲಿ ರೈತರ ಖಾತೆಗೆ ಹಣ ಹಾಕುವ ರೈತಬಂಧು ಕೊಟ್ಟ ಕೆಸಿಆರ್ 2023ರಲ್ಲಿ ಸೋತರು. ಇದಕ್ಕೆ ಒಂದು ಮರುಮಾತು ಇದೆ. ಗೆದ್ದವರೂ ಇನ್ನೂ ಹೆಚ್ಚು ಕೊಡುತ್ತೇವೆ ಅಂದಿದ್ದರು, ಜನ ಹರಾಜಿನಲ್ಲಿ ಮೇಲಿನ ಬೆಲೆ ಕೂಗಿದವನ ಕಡೆ ಹೋದರು ಅಷ್ಟೇ ಅಂತ. ಇರಬಹುದು. ಆದರೂ ಕೊಟ್ಟವನನ್ನು ಮನೆಗೆ ಕಳಿಸಿ ಇನ್ನೊಬ್ಬನ ಹತ್ತಿರ ಚೌಕಾಸಿ ಮಾಡುವವರನ್ನು ಮೈಮರೆತ ಜನ ಅನ್ನಲು ಬರುವುದಿಲ್ಲ.

ಅನ್ನ ಮತ್ತು ಆಟ ಎರಡನ್ನೂ ಒಟ್ಟಿಗೆ ಕೊಟ್ಟ ಉದಾಹರಣೆ ಬೇಕೆಂದರೆ ತಮಿಳುನಾಡಿಗೆ ಹೋಗಬೇಕು. 2006ರ ಚುನಾವಣೆಯಲ್ಲಿ ಡಿಎಂಕೆ 2 ರೂಪಾಯಿಗೆ ಕೆಜಿ ಅಕ್ಕಿ, ಮನೆಗೊಂದು ಕಲರ್ ಟಿವಿ ಎಂದು ಮಾತು ಕೊಟ್ಟಿತು. ಗೆದ್ದ ಕರುಣಾನಿಧಿ ಒಂದೂವರೆ ಕೋಟಿಗೂ ಹೆಚ್ಚು ಟಿವಿ ಹಂಚಿದರು. ಜುವೆನಲ್ ಇದ್ದಿದ್ದರೆ ಕುಣಿದಾಡುತ್ತಿದ್ದ. ಟಿವಿ ಪುಕ್ಕಟೆ, ಆದರೆ ಕೇಬಲ್‌ಗೆ ತಿಂಗಳು ತಿಂಗಳು ಹಣ. ಆಗ ಅಲ್ಲಿನ ದೊಡ್ಡ ಚಾನೆಲ್ ಬಳಗ ಮುಖ್ಯಮಂತ್ರಿಯ ಸಂಬಂಧಿಕರದೇ. ವಿರೋಧಿಗಳು ಬಿಡುತ್ತಾರಾ? ಕೊನೆಗೆ ಏನಾಯಿತು? ಜನ ಅದೇ ಟಿವಿಯಲ್ಲಿ, ಡಿಎಂಕೆಯ ಕೇಂದ್ರ ಮಂತ್ರಿಯ ಹೆಸರು ಕೇಳಿಬಂದ 2ಜಿ ಹಗರಣದ ಸುದ್ದಿ ನೋಡಿದರು. ಎಷ್ಟೋ ಹೊತ್ತು ನೋಡಲು ಕರೆಂಟೂ ಇರುತ್ತಿರಲಿಲ್ಲ, ಆ ವರ್ಷಗಳಲ್ಲಿ ತಮಿಳುನಾಡಿನ ಪವರ್ ಕಟ್ ಹಾಗಿತ್ತು. 2011ರಲ್ಲಿ ಡಿಎಂಕೆಗೆ ಸಿಕ್ಕಿದ್ದು 23 ಸ್ಥಾನ. ಜಯಲಲಿತಾ ಮಿಕ್ಸಿ, ಗ್ರೈಂಡರ್, ಫ್ಯಾನ್ ಕೊಡುತ್ತೇನೆ ಅಂದು ಗೆದ್ದರು, ಕೊಟ್ಟರು ಕೂಡ. ಈ ಟಿವಿ ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಪ್ರಣಾಳಿಕೆಯಲ್ಲಿ ಕೊಟ್ಟ ಭರವಸೆ ಚುನಾವಣಾ ಕಾನೂನಿನ ಪ್ರಕಾರ ಭ್ರಷ್ಟ ಆಚರಣೆ ಆಗುವುದಿಲ್ಲ ಅಂತ 2013ರ ಜುಲೈನಲ್ಲಿ ತೀರ್ಪು ಬಂತು. ಇದಕ್ಕೆ ಮಾರ್ಗಸೂಚಿ ಮಾಡಿ ಅಂತ ಕೋರ್ಟು ಚುನಾವಣಾ ಆಯೋಗಕ್ಕೆ ಹೇಳಿತು. 2022ರಲ್ಲಿ ಇಡೀ ವಿಷಯವನ್ನು ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು. ಅದೇ ವರ್ಷ ಪ್ರಧಾನಿ ಮೋದಿ ಬುಂದೇಲ್‌ಖಂಡದಲ್ಲಿ 'ರೇವಡಿ' (ಎಳ್ಳಿನ ಮಿಠಾಯಿ, ಅಂದರೆ ಬಿಟ್ಟಿ ಕೊಡುಗೆ) ಹಂಚುವವರನ್ನು ಝಾಡಿಸಿದರು. ಮುಂದಿನ ವರ್ಷವೇ ಅವರ ಸರ್ಕಾರ 81 ಕೋಟಿ ಜನರಿಗೆ ಉಚಿತ ಧಾನ್ಯವನ್ನು ಇನ್ನೂ ಐದು ವರ್ಷ ಮುಂದುವರಿಸಿತು. ಅಂದಾಜು ಖರ್ಚು 11.80 ಲಕ್ಷ ಕೋಟಿ. ಎಲ್ಲ ಪಕ್ಷಗಳಿಗೂ ಇನ್ನೊಬ್ಬರು ಕೊಟ್ಟದ್ದು ಮಾತ್ರ ಬಿಟ್ಟಿ.

ತಿಂಗಳಿಗೆ ತಲೆಗೆ ಸಿಗುವ ಆ 5 ಕೆಜಿಯ ಹಿಂದೆ ಒಂದು ಕಾನೂನಿದೆ. ಅದು ಬಂದ ದಾರಿ ಬೇರೆ. 2001ರಲ್ಲಿ ರಾಜಸ್ಥಾನದಲ್ಲಿ ಜನ ಹಸಿವಿನಿಂದ ನರಳುತ್ತಿದ್ದರೆ ಆಹಾರ ನಿಗಮದ ಗೋದಾಮುಗಳು ತುಂಬಿ ತುಳುಕುತ್ತಿದ್ದವು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಸುಪ್ರೀಂ ಕೋರ್ಟ್‌ಗೆ ಹೋಯಿತು. ಆ ಕೇಸಿನಿಂದ ಮೊದಲು ದೇಶದ ಸರ್ಕಾರಿ, ಅನುದಾನಿತ ಪ್ರಾಥಮಿಕ ಶಾಲೆಗಳಿಗೆಲ್ಲ ಬಿಸಿಯೂಟದ ಆದೇಶ ಬಂತು. 2013ರಲ್ಲಿ ಆಹಾರ ಭದ್ರತಾ ಕಾಯ್ದೆ ಬಂತು. ಅದರ ಪ್ರಕಾರ ಸರ್ಕಾರ ಧಾನ್ಯ ಕೊಡದಿದ್ದರೆ ಬದಲಿಗೆ ಭತ್ಯೆ ಕೊಡಬೇಕು. ಅಂದರೆ ಇದು ಯಾರದೋ ಔದಾರ್ಯ ಅಲ್ಲ, ಕೇಳಿ ಪಡೆಯುವ ಬಾಕಿ. ಆದರೆ ಚೀಲದ ಮೇಲೆ ಪ್ರಧಾನಿಯ ಫೋಟೋ, ಸೊಸೈಟಿ ಗೋಡೆಯ ಮೇಲೆ ಮುಖ್ಯಮಂತ್ರಿಯ ಫೋಟೋ. ಜನರನ್ನು ತೆಪ್ಪಗಿರಿಸುವ ಪ್ರಯತ್ನ ನನಗೆ ಕಾಣುವುದು ಇಲ್ಲಿ, ಅಕ್ಕಿಯಲ್ಲಲ್ಲ. ಬಾಕಿ ತೀರಿಸಿಕೊಳ್ಳಲು ಬಂದವನು ಕೈಮುಗಿದು ನಿಲ್ಲಬೇಕು ಅಂತ ಆ ಫೋಟೋ ಹೇಳುತ್ತದೆ. ಇದರ ಮೇಲೆ ರಾಜ್ಯ ಸರ್ಕಾರ ಕೊಡುತ್ತೇನೆ ಅಂದ ಹೆಚ್ಚುವರಿ 5 ಕೆಜಿಗೆ ಈ ಕಾಯ್ದೆಯ ಬಲ ಇಲ್ಲ. ಹಾಗಾಗಿಯೇ 2023ರಲ್ಲಿ ಕೇಂದ್ರ ಅಕ್ಕಿ ಮಾರಲ್ಲ ಅಂದಾಗ ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಹಣ ಬಂತು, 2025ರಲ್ಲಿ ಮತ್ತೆ ಅಕ್ಕಿ ಬಂತು, ಆಮೇಲೆ ಅಕ್ಕಿ ಬದಲು ಬೇಳೆ, ಎಣ್ಣೆಯ ಕಿಟ್ ಅನ್ನುವ ತೀರ್ಮಾನವಾಯಿತು. ಬೇಳೆ ಒಳ್ಳೆಯದೇ ಬಿಡಿ, ಬರೀ ಅಕ್ಕಿಗಿಂತ ಮೇಲು.

ಖರ್ಚು ಯಾರ ತಲೆ ಮೇಲೆ ಬೀಳುತ್ತದೆ ಅನ್ನೋದನ್ನು ನಾವು ಕಡಿಮೆ ಕೇಳುತ್ತೇವೆ. ರೋಮ್‌ನ ಗೋಧಿ ರೋಮ್‌ನಲ್ಲಿ ಬೆಳೆದದ್ದಲ್ಲ. ಈಜಿಪ್ಟ್, ಸಿಸಿಲಿ, ಉತ್ತರ ಆಫ್ರಿಕಾದ ಗದ್ದೆಗಳಿಂದ ಬಂದದ್ದು. ಬಹುಪಾಲು ತೆರಿಗೆ, ಗೇಣಿಯ ಲೆಕ್ಕದಲ್ಲಿ ಎತ್ತಿಕೊಂಡು ಬಂದದ್ದು. ಬೆಳೆದವನಿಗೆ ಆ ಪಟ್ಟಿಯಲ್ಲಿ ಹೆಸರಿರಲಿಲ್ಲ. ನಮ್ಮ ಐದು ಗ್ಯಾರಂಟಿಗಳಿಗೆ 2025-26ರ ಬಜೆಟ್‌ನಲ್ಲಿ ಇಟ್ಟದ್ದು ಸುಮಾರು 51 ಸಾವಿರ ಕೋಟಿ. ಒಟ್ಟು ಬಜೆಟ್ 4 ಲಕ್ಷ ಕೋಟಿ ದಾಟಿದೆ. ಅದರ ಹಿಂದಿನ ವರ್ಷ ಗ್ಯಾರಂಟಿಗಳಿಗೆ ಸುಮಾರು 14 ಸಾವಿರ ಕೋಟಿಯನ್ನು ಪರಿಶಿಷ್ಟ ಜಾತಿ, ಪಂಗಡದ ಉಪಯೋಜನೆಗಳ ಹಣದಿಂದ ತೋರಿಸಲಾಯಿತು. ಗ್ಯಾರಂಟಿ ಪಡೆಯುವವರಲ್ಲಿ ಅವರೂ ಇದ್ದಾರಲ್ಲ, ಅವರ ಪಾಲಿನಷ್ಟೇ ತೆಗೆದಿದ್ದೇವೆ ಅಂತ ಸರ್ಕಾರದ ವಾದ. ದಲಿತ ಸಂಘಟನೆಗಳು ಒಪ್ಪಲಿಲ್ಲ. ನನಗೂ ಈ ವಾದ ಸರಿ ಕಾಣುವುದಿಲ್ಲ. ಎಲ್ಲರಿಗೂ ಸಿಗುವುದು ಇವರಿಗೂ ಸಿಕ್ಕರೆ ಅದಕ್ಕೆ ಇವರ ಹಾಸ್ಟೆಲ್, ಬೋರ್‌ವೆಲ್, ಸಾಲದ ಹಣವನ್ನು ಯಾಕೆ ಮುಟ್ಟಬೇಕು? ಇಲ್ಲಿ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. 2019ರಲ್ಲಿ ಕಾರ್ಪೊರೇಟ್ ತೆರಿಗೆ ಇಳಿಸಿದಾಗ ವರ್ಷಕ್ಕೆ 1.45 ಲಕ್ಷ ಕೋಟಿ ಖೋತಾ ಆಗುತ್ತದೆ ಅಂತ ಹಣಕಾಸು ಸಚಿವೆಯೇ ಹೇಳಿದ್ದರು. ಅದನ್ನು ಯಾರೂ ಬಿಟ್ಟಿ ಭಾಗ್ಯ ಅನ್ನಲಿಲ್ಲ, ಕಂಪನಿಗಳು ಸೋಮಾರಿಯಾದವು ಅಂತಲೂ ಅನ್ನಲಿಲ್ಲ.

ಇನ್ನು ಆಟ. ಇಲ್ಲಿ ನಮ್ಮ ಕಾಲ ರೋಮ್‌ಗಿಂತ ಬೇರೆ. ರೋಮ್‌ನಲ್ಲಿ ಆಟಕ್ಕೆ ಚಕ್ರವರ್ತಿ ಸ್ವಂತ ಗಂಟಿನಿಂದ ಸುರಿಯಬೇಕಿತ್ತು. ವಿಜಯನಗರದ ಮಹಾನವಮಿಗೂ ರಾಜನದೇ ಖರ್ಚು. ಆದರೆ ಅಲ್ಲಿ ಉದ್ದೇಶ ಬೇರೆ ಇತ್ತು. ನಾಯಕರು ಸೈನ್ಯದ ಬಲ ತೋರಿಸಿ, ಸಲ್ಲಿಸಬೇಕಾದ ಕಪ್ಪ ಸಲ್ಲಿಸಿ ಹೋಗುವ ಸಮಯ ಅದು. ಈಗಿನ ಸರ್ಕಾರಗಳಿಗೆ ಆಟ ಪುಕ್ಕಟೆ ಸಿಗುತ್ತದೆ. ಐಪಿಎಲ್ ಅನ್ನು ನಡೆಸುವುದು ಬಿಸಿಸಿಐ, ತಂಡ ಕಂಪನಿಯದು, ಖರ್ಚು ಜಾಹೀರಾತಿನವರದು. ಗೆದ್ದ ದಿನ ವೇದಿಕೆ ಹತ್ತಿದರೆ ಸಾಕು.

2025ರ ಜೂನ್‌ನಲ್ಲಿ ಆದದ್ದು ಅದೇ. 18 ವರ್ಷ ಕಾದು ಆರ್‌ಸಿಬಿ ಜೂನ್ 3ರ ರಾತ್ರಿ ಅಹಮದಾಬಾದ್‌ನಲ್ಲಿ ಕಪ್ ಗೆದ್ದಿತು. ಜನರ ಖುಷಿ ಅಪ್ಪಟ ಖುಷಿ. ಅದನ್ನು ಯಾವ ಸರ್ಕಾರವೂ ಹುಟ್ಟಿಸಿದ್ದಲ್ಲ. ಮರುದಿನವೇ ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನ, ಆಮೇಲೆ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸಂಭ್ರಮ. 35 ಸಾವಿರ ಜನ ಹಿಡಿಸುವ ಕ್ರೀಡಾಂಗಣದ ಕಡೆ 2-3 ಲಕ್ಷ ಜನ ಬಂದರು ಅಂತ ಮುಖ್ಯಮಂತ್ರಿಯೇ ಆಮೇಲೆ ಹೇಳಿದರು. ಗೇಟುಗಳ ಹತ್ತಿರ ಕಾಲ್ತುಳಿತವಾಗಿ 11 ಜನ ಸತ್ತರು. ಪೊಲೀಸ್ ಕಮಿಷನರ್ ಅಮಾನತಾದರು, ನ್ಯಾಯಾಂಗ ಆಯೋಗ ನೇಮಕವಾಯಿತು, ಹೈಕೋರ್ಟ್ ತಾನಾಗಿಯೇ ಕೇಸು ಎತ್ತಿಕೊಂಡಿತು. ಜನ ಆ ದಿನವೂ ಮೈಮರೆತಿರಲಿಲ್ಲ, ಮರುದಿನವೂ ಸುಮ್ಮನಿರಲಿಲ್ಲ. ಫೋಟೋದಲ್ಲಿ ತಾವೂ ಇರಬೇಕು ಅನ್ನುವ ಆತುರ ಇದ್ದದ್ದು ವೇದಿಕೆಯ ಮೇಲಿದ್ದವರಿಗೆ.

ಆ ದಿನ ಬೆಂಗಳೂರಿನಲ್ಲಿ ಒಬ್ಬನೇ ಒಬ್ಬ ಚುನಾಯಿತ ಕಾರ್ಪೊರೇಟರ್ ಇರಲಿಲ್ಲ. ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಆಡಳಿತಾಧಿಕಾರಿಗಳು ಬಂದರು, ವಾರ್ಡುಗಳ ಗಡಿ ಬದಲಾಯಿತು, ಕೇಸುಗಳಾದವು, ಪಾಲಿಕೆಯನ್ನೇ ಐದು ಹೋಳು ಮಾಡಲಾಯಿತು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳದ್ದೂ ಅದೇ ಕಥೆ. 2016ರಲ್ಲಿ ಆರಿಸಿದವರ ಅವಧಿ 2021ರಲ್ಲಿ ಮುಗಿಯಿತು. 2025 ಮುಗಿಯುವವರೆಗೂ ಎರಡೂ ಕಡೆ ಚುನಾವಣೆ ಇಲ್ಲ. ಇದರಲ್ಲಿ ಬಿಜೆಪಿ ಸರ್ಕಾರದ ವರ್ಷಗಳೂ ಇವೆ, ಕಾಂಗ್ರೆಸ್ ಸರ್ಕಾರದ ವರ್ಷಗಳೂ ಇವೆ. ಮೀಸಲಾತಿ ಪಟ್ಟಿ, ಕ್ಷೇತ್ರ ವಿಂಗಡಣೆ ಅಂತ ಕಾರಣ ಇದ್ದೇ ಇರುತ್ತದೆ. ತಮ್ಮ ಕ್ಷೇತ್ರದಲ್ಲಿ ಇನ್ನೊಬ್ಬ ಚುನಾಯಿತ ಮನುಷ್ಯ ಇಲ್ಲದಿರುವುದು ಯಾವ ಶಾಸಕನಿಗೂ ಬೇಜಾರಿನ ವಿಷಯ ಅಲ್ಲ.

ರೋಮ್‌ಗೆ ಹೋಲಿಸುವವರು ಹೋಲಿಸಬೇಕಾದದ್ದು ಇದನ್ನು. ತಿಬೇರಿಯಸ್ ವೋಟು ತೆಗೆದಾಗ ಜನ ಸುಮ್ಮನೆ ಗೊಣಗಿಕೊಂಡರು ಅಷ್ಟೇ ಅಂತ ರೋಮ್‌ನ ಚರಿತ್ರೆಕಾರ ಟ್ಯಾಸಿಟಸ್ ಬರೆಯುತ್ತಾನೆ. ನಮ್ಮಲ್ಲಿ ಅಷ್ಟು ಗೊಣಗಾಟವೂ ಕೇಳಿಸುವುದಿಲ್ಲ. ಬಿಪಿಎಲ್ ಕಾರ್ಡ್ ಹೋದರೆ ಬೀದಿಗೆ ಬರುವ ನಾವು ತಾಲ್ಲೂಕು ಪಂಚಾಯಿತಿ ಹೋದದ್ದಕ್ಕೆ ಬರುವುದಿಲ್ಲ. ಅಕ್ಕಿ ತಿಂದು ಮಂಪರು ಬಂದದ್ದಕ್ಕಲ್ಲ. ಕಾರ್ಡು ಕೈಯಲ್ಲಿ ಹಿಡಿಯುವ ವಸ್ತು, ಹೋದ ದಿನವೇ ಗೊತ್ತಾಗುತ್ತದೆ. ಚುನಾವಣೆ ಮುಂದೆ ಹೋಗುವುದು ನೋಟಿಫಿಕೇಶನ್ ಹೊರಡದೆ ಇರುವುದರಿಂದ, ಅದು ಹೋದ ದಿನ ಅಂತ ಒಂದು ದಿನವೇ ಇರುವುದಿಲ್ಲ. ಜನಗಣತಿಯೂ ಹಾಗೇ. ಯಾರಿಗೆ ಧಾನ್ಯ ಅನ್ನುವ ಮಿತಿಯನ್ನು ಇವತ್ತಿಗೂ 2011ರ ಲೆಕ್ಕದ ಮೇಲೆ ಹಾಕಲಾಗಿದೆ. 2021ರ ಗಣತಿ 2027ಕ್ಕೆ ಹೋಗಿದೆ. ಆ ನಡುವೆ ಹುಟ್ಟಿದ ಕೋಟ್ಯಂತರ ಜನ ದೇಶದ ಲೆಕ್ಕದಲ್ಲಿ ಹೆಚ್ಚಾದರೂ ಧಾನ್ಯದ ಮಿತಿಯಲ್ಲಿ ಹೆಚ್ಚಾಗಿಲ್ಲ. ಹೀಗೆ ಮಿತಿಯ ಹೊರಗೆ ಉಳಿದವರಿಗೆ ಅಕ್ಕಿಯೂ ಇಲ್ಲ, ಕೂಗಲು ಕೈಯಲ್ಲಿ ಕಾರ್ಡೂ ಇಲ್ಲ.

ಆಹಾರ ಭದ್ರತಾ ಕಾಯ್ದೆಯ 28 ಮತ್ತು 29ನೇ ಸೆಕ್ಷನ್ ಓದಿ ನೋಡಿ. ನ್ಯಾಯಬೆಲೆ ಅಂಗಡಿಯ ಸಾಮಾಜಿಕ ಲೆಕ್ಕಪರಿಶೋಧನೆ ಸ್ಥಳೀಯ ಸಂಸ್ಥೆಯ, ಇಲ್ಲವೇ ರಾಜ್ಯ ಸರ್ಕಾರ ಅಧಿಕಾರ ಕೊಟ್ಟ ಬೇರೆ ಸಂಸ್ಥೆಯ ಕೆಲಸ. ಅಂಗಡಿ, ತಾಲ್ಲೂಕು, ಜಿಲ್ಲೆ, ರಾಜ್ಯ ಹೀಗೆ ನಾಲ್ಕು ಹಂತದಲ್ಲಿ ಜಾಗೃತ ಸಮಿತಿ ಇರಬೇಕು, ಅದರಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಪ್ರಾತಿನಿಧ್ಯ ಇರಬೇಕು. ತೂಕದಲ್ಲಿ ಹೊಡೆದರೆ, ಹೆಬ್ಬೆಟ್ಟು ತಗೊಳ್ಳಲ್ಲ ಅಂತ ಮಿಷನ್ ಹಟ ಹಿಡಿದರೆ, ಸರ್ವರ್ ಇಲ್ಲ ಅಂತ ಮೂರು ಸಲ ವಾಪಸ್ ಕಳಿಸಿದರೆ ವಿಚಾರಿಸಬೇಕಾದವರು ಇವರು. ತಾಲ್ಲೂಕು, ಜಿಲ್ಲಾ ಪಂಚಾಯಿತಿಯಿಂದ ಅಲ್ಲಿ ಕೂರಬೇಕಾದ ಚುನಾಯಿತ ಸದಸ್ಯರು 2021ರಿಂದ ಇಲ್ಲ. ಆ ಪಂಚಾಯಿತಿಗಳನ್ನು ನಡೆಸುತ್ತಿರುವುದು ಸರ್ಕಾರವೇ ನೇಮಿಸಿದ ಆಡಳಿತಾಧಿಕಾರಿಗಳು. ಅಕ್ಕಿ ಕಳಿಸುವುದೂ ಸರ್ಕಾರ, ಅಕ್ಕಿ ಸರಿಯಾಗಿ ಬಂತಾ ಅಂತ ನೋಡುವುದೂ ಈಗ ಅದೇ ಸರ್ಕಾರ.